ಬಹುದು, ತಕ್ಕದ್ದು

ಕಿಂಬರ್ಲಿಯಿಂದ ನಾಲ್ಕು ಗಂಟೆ,
ಕೊನೆಯ ಒಂದು ಗಂಟೆ ಬರೀ ಕೆಂಪು ಧೂಳು.
ಡಿಕ್ಕಿಯಲ್ಲಿ ಮಸೂದೆಯ ಇನ್ನೂರು ಪ್ರತಿ,
ಒಂದು ಧ್ವನಿವರ್ಧಕ, ಬಿಸ್ಕತ್ತು, ಚಹಾದ ಫ್ಲಾಸ್ಕು.
ಶಾಸಕರು ಐವರು ಬರಬೇಕಿತ್ತು, ಮೂವರು ಬಂದರು.

ನಾನು ಮಸೂದೆ ಬರೆಯುವವಳು. ನನ್ನ ಹೆಸರು ಎಲ್ಲೂ ಬೀಳುವುದಿಲ್ಲ.
ಹದಿನಾರು ವರ್ಷದಿಂದ ಅಲ್ಪವಿರಾಮಗಳ ಕಾವಲು.
ಜನರನ್ನು ಕೇಳದೆ ಮಾಡಿದ ಕಾನೂನನ್ನು
ನ್ಯಾಯಾಲಯ ಹೊಡೆದುಹಾಕಬಲ್ಲದು, ಸಂವಿಧಾನದ ಕಟ್ಟಳೆ.
ಆದ್ದರಿಂದಲೇ ಬಂದೆವು;
ಪ್ರೀತಿಯಿಂದ ಬಂದೆವೆಂದರೆ ಸುಳ್ಳಾದೀತು.

ಚರ್ಚಿನ ಸಭಾಂಗಣ. ತಗಡಿನ ಸೂರು ಬಿಸಿಲಿಗೆ ಟಿಕ್ ಟಿಕ್ ಅನ್ನುತ್ತಿತ್ತು.
ಹೊರಗೆ ಆರು ಕತ್ತೆಗಾಡಿ, ಮುಳ್ಳುಮರದ ಒಂದೇ ನೆರಳಿಗೆ ಜಗಳ.
ದುಭಾಷಿ ಒಫೆಂತ್ಸೆ ಟೈ ಸಡಿಲಿಸಿ
ನನ್ನ ವಾಕ್ಯಗಳನ್ನು ಒಂದೊಂದಾಗಿ ಸೆತ್ಸ್ವಾನಾಕ್ಕೆ ದಾಟಿಸುತ್ತಿದ್ದ,
ಹೊಳೆ ದಾಟಿಸುವಾಗ ಆಡಿನ ಕಿವಿ ಹಿಡಿದಂತೆ.

'ಕಲಂ ಹನ್ನೊಂದು: ರಾತ್ರಿ ವೇಳೆ, ದೂರದ ಊರುಗಳಿಗೆ,
ಇಲಾಖೆಯು ಆಂಬುಲೆನ್ಸನ್ನು ಕಳುಹಿಸಬಹುದು.'

ಮೂರನೇ ಸಾಲಿನಲ್ಲಿ ಒಬ್ಬ ಮುದುಕಿ ಕೈ ಎತ್ತಿದಳು.
ಗಾಲೆಬೊಯೆ. ತಲೆಗೆ ಹಸಿರು ವಸ್ತ್ರ, ಕಾಲಿಗೆ ಗಂಡಸರ ಬೂಟು.
'ಆ ಕೊನೆಯ ಮಾತು ಇನ್ನೊಮ್ಮೆ ಹೇಳು.'
ಬಹುದು, ಅಂದ ಒಫೆಂತ್ಸೆ.

'ಅದು ನನಗೆ ಗೊತ್ತು. ನಮ್ಮ ಮನೆಯಲ್ಲೇ ಇತ್ತು.
ಗಂಡ ಗಣಿಗೆ ಹೊರಡುವಾಗ ಹೇಳುತ್ತಿದ್ದ,
ಕ್ರಿಸ್‌ಮಸ್ಸಿಗೆ ಬರಬಹುದು, ದುಡ್ಡು ಕಳಿಸಬಹುದು.
ಮೂರು ಚಳಿಗಾಲದ ಹಿಂದೆ ಸೊಸೆಗೆ ನೋವು ಬಂದ ರಾತ್ರಿ
ಫೋನಿನಲ್ಲೂ ಒಬ್ಬ ಅದನ್ನೇ ಹೇಳಿದ.
ಬಹುದು ಬರಲಿಲ್ಲ. ಮಗು ಬಂತು,
ಕತ್ತೆಗಾಡಿಯಲ್ಲಿ, ಕೊರೆಯುವ ಚಳಿಯಲ್ಲಿ,
ಊರಿಗೂ ಆಸ್ಪತ್ರೆಗೂ ನಡುವೆ.
ಟ್ಸೆಲೆಂಗ್ ಅಂತ ಹೆಸರಿಟ್ಟೆವು. ದಾರಿಯಲ್ಲಿ, ಅಂತ.
ಅಲ್ಲಿ ನೋಡಿ, ನಿಮ್ಮ ಬಿಸ್ಕತ್ತು ತಿನ್ನುತ್ತಿದ್ದಾಳೆ.'

ಸಭೆ ನಕ್ಕಿತು, ಆಮೇಲೆ ನಗಲಿಲ್ಲ.
ಸಮಿತಿಯ ಅಧ್ಯಕ್ಷರು ಕೆಮ್ಮಿದರು:
'ಅಮ್ಮಾ, ಲಿಖಿತವಾಗಿ ಕೊಡಿ.'
'ಬರೆಯಲು ಬರುತ್ತಿದ್ದರೆ ಕಾನೂನನ್ನೇ ಬರೆಯುತ್ತಿದ್ದೆ.
ಇವಳು ಬರೆದುಕೊಳ್ಳುತ್ತಾಳೆ,' ಅಂದು ನನ್ನತ್ತ ಬೆರಳು ಮಾಡಿದಳು.

ಬಹುದು. ತಕ್ಕದ್ದು.
ಎರಡಕ್ಕೂ ಮೂರೇ ಅಕ್ಷರ.
ಒಂದರಲ್ಲಿ ಬಾಗಿಲ ಕೀಲಿ ಅಧಿಕಾರಿಯ ಜೇಬಿನಲ್ಲಿ;
ಇನ್ನೊಂದರಲ್ಲಿ, ತಟ್ಟಿದರೆ
ಅವನೇ ಎದ್ದು ಬಂದು ತೆರೆಯಬೇಕು.

ಆ ಮೂರು ಅಕ್ಷರಕ್ಕೆ ಕಿಂಬರ್ಲಿಯಲ್ಲಿ ಏಳು ತಿಂಗಳು ಹಿಡಿಯಿತು.
ಸಮಿತಿ ತಿದ್ದಿತು. ತಿದ್ದಿದ್ದನ್ನು ಹಣಕಾಸಿನವರು ತಿದ್ದಿದರು.
ವಿರೋಧ ಪಕ್ಷದ ಸದಸ್ಯೆಯೊಬ್ಬರು ಡೀಸೆಲ್ಲಿನ ಲೆಕ್ಕ ಕೇಳಿದರು,
ಒಳ್ಳೆಯ ಪ್ರಶ್ನೆ, ನಮ್ಮಲ್ಲಿ ಉತ್ತರ ಇರಲಿಲ್ಲ.
ಒಂದು ಸಂಜೆ ಯಾರೋ ಮಹನೀಯರು
ಬಹುದನ್ನು ಮತ್ತೆ ಕರೆತಂದು ಕೂರಿಸಿದರು.
ನಾನು ಅಂಚಿನಲ್ಲಿ ಬರೆದೆ: 'ನಡಾವಳಿಯ ನಲವತ್ತನೇ ಪುಟ ನೋಡಿ.'
ಅದಕ್ಕಿಂತ ಹೆಚ್ಚು ಮಾಡುವ ಹಕ್ಕು ನನಗಿಲ್ಲ.
ನನ್ನನ್ನು ಯಾರೂ ಆರಿಸಿಲ್ಲ.

ಹದಿನೇಳು ಕೈ ಎದ್ದವು, ಹನ್ನೊಂದು ಏಳಲಿಲ್ಲ,
ಇಬ್ಬರು ಊಟಕ್ಕೆ ಹೋಗಿದ್ದರು.
ಪ್ರೀಮಿಯರ್ ಸಹಿ ಹಾಕಿದರು. ಗೆಜೆಟ್ಟಿನಲ್ಲಿ ಅಚ್ಚಾಯಿತು:
ಕಳುಹಿಸತಕ್ಕದ್ದು.
ಬೆನ್ನಿಗೇ ಒಂದು ಬಾಲ: 'ಲಭ್ಯ ಸಂಪನ್ಮೂಲಗಳ ಮಿತಿಯೊಳಗೆ.'
ಬಾಲವನ್ನೂ ಬರೆದವಳು ನಾನೇ. ಹೇಳಿದರು, ಬರೆದೆ.

ಮಾರ್ಚಿನಲ್ಲಿ ಮತ್ತೆ ಅದೇ ಧೂಳು, ಬೇರೆ ಮಸೂದೆ:
ಕತ್ತೆಗಾಡಿಗಳಿಗೆ ಹಿಂದೀಪ.
ಗಾಲೆಬೊಯೆ ಈ ಸಲ ಮೊದಲ ಸಾಲಿನಲ್ಲಿ,
ತೊಡೆಯ ಮೇಲೆ ಟ್ಸೆಲೆಂಗ್.
ಗೆಜೆಟ್ಟು ಕೊಟ್ಟೆ. 'ನನ್ನ ಮಾತು ಎಲ್ಲಿದೆ, ತೋರಿಸು.'
ತೋರಿಸಿದೆ. ಅದರ ಕೆಳಗೆ ಉಗುರಿನಿಂದ ಗೀರೆಳೆದಳು.
ಉಗುರು ಅಲ್ಲಿ ನಿಲ್ಲಲಿಲ್ಲ,
ಸಾಲಿನ ಗುಂಟ ಸರಿದು ಬಾಲದ ಮೇಲೆ ನಿಂತಿತು.
'ಇದೇನು, ಇದರ ಪಕ್ಕದಲ್ಲಿ?'

ಒಫೆಂತ್ಸೆ ನನ್ನ ಮುಖ ನೋಡಿದ.
ನಾನು ಪೆನ್ನಿನ ಮುಚ್ಚಳ ತೆಗೆದೆ.